ಹಡಗಿಗೆ ಬೇಕು ಇನ್ನೆರಡು ಜೊತೆ ಕೈ

1987ರ ಮಾರ್ಚ್ 6ರ ಸಂಜೆ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಎಂಬ ಹಡಗು ಬೆಲ್ಜಿಯಂನ ಝೀಬ್ರೂಗ ಬಂದರಿನಿಂದ ಇಂಗ್ಲೆಂಡಿನ ಡೋವರ್ ಕಡೆಗೆ ಹೊರಟಿತು. ಕಾರು, ಲಾರಿಗಳನ್ನು ಒಳಗೆ ಹತ್ತಿಸಿಕೊಂಡು, ಜೊತೆಗೆ ಪ್ರಯಾಣಿಕರನ್ನೂ ಇಂಗ್ಲಿಷ್ ಕಾಲುವೆ ದಾಟಿಸುತ್ತಿದ್ದ ಹಡಗು ಅದು. ವಾಹನಗಳು ಒಳಬರಲೆಂದು ಅದರ ಮುಂಭಾಗದಲ್ಲೇ ದೊಡ್ಡ ಬಾಗಿಲಿತ್ತು. ಬಂದರಿನ ಹೊರಗೋಡೆ ದಾಟಿ ವೇಗ ಹಿಡಿಯುವಾಗ ಆ ಬಾಗಿಲು ತೆರೆದೇ ಇತ್ತು. ಸಮುದ್ರದ ನೀರು ವಾಹನಗಳಿದ್ದ ಡೆಕ್ಕಿಗೆ ನುಗ್ಗಿತು. ಗೋಡೆ ದಾಟಿ ಕೆಲವೇ ನಿಮಿಷಗಳಲ್ಲಿ ಹಡಗು ಮಗ್ಗುಲಿಗೆ ಮಗುಚಿ ಬಿತ್ತು. 193 ಜನ ಸತ್ತರು. ಬಾಗಿಲು ಮುಚ್ಚಬೇಕಾಗಿದ್ದವನು ಸಹಾಯಕ ಬೋಸನ್, ಅಂದರೆ ಡೆಕ್ ಕೆಲಸಗಾರರ ಮೇಸ್ತ್ರಿಯ ಕೈಕೆಳಗಿನವನು. ವಾಹನದ ಡೆಕ್ ತೊಳೆದು ಕ್ಯಾಬಿನ್ನಿಗೆ ಹೋಗಿದ್ದ ಆತನಿಗೆ ನಿದ್ದೆ ಹತ್ತಿತ್ತು. ಹೊರಡುವ ಹೊತ್ತಿನ ಕರೆಗೆ ಎಚ್ಚರವಾಗಲಿಲ್ಲ. ಒಬ್ಬ ಖಲಾಸಿಯ ನಿದ್ದೆಯಿಂದ ಇಷ್ಟು ಜನ ಸತ್ತರು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭವಾಗಿತ್ತು. ಆದರೆ ಬ್ರಿಟನ್ನಿನ ತನಿಖೆ ಅಲ್ಲಿಗೇ ನಿಲ್ಲಲಿಲ್ಲ.

ತನಿಖೆ ಮೇಲೆ ಮೇಲೆ ಹೋದಂತೆ ಬೇರೆ ಸಂಗತಿಗಳು ಹೊರಬಿದ್ದವು. ಬಾಗಿಲು ಮುಚ್ಚಿದೆಯೇ ಎಂದು ನೋಡಿಕೊಳ್ಳಬೇಕಾಗಿದ್ದ ಮುಖ್ಯ ಅಧಿಕಾರಿ ಅದೇ ಹೊತ್ತಿಗೆ ಹಡಗು ನಡೆಸುವ ಮೇಲಿನ ಕೋಣೆಯಾದ ಬ್ರಿಜ್‌ನಲ್ಲೂ ಇರಬೇಕಾಗಿತ್ತು. ಒಬ್ಬನೇ ಮನುಷ್ಯ ಎರಡು ಕಡೆ ಇರಲಾಗದು. ಹತ್ತಿರದ ಕ್ಯಾಲೆ ಮಾರ್ಗದ ಹಡಗುಗಳಲ್ಲಿ ಕ್ಯಾಪ್ಟನ್ ಜೊತೆ ಮೂವರು ಡೆಕ್ ಅಧಿಕಾರಿಗಳಿದ್ದರೆ, ಝೀಬ್ರೂಗ ಮಾರ್ಗದಲ್ಲಿ ಇದ್ದವರು ಇಬ್ಬರೇ. ಬಾಗಿಲು ಮುಚ್ಚಿದ್ದನ್ನು ತೋರಿಸುವ ದೀಪವೊಂದನ್ನು ಬ್ರಿಜ್‌ನಲ್ಲಿ ಹಾಕಿಸಿಕೊಡಿ ಎಂದು ಕ್ಯಾಪ್ಟನ್‌ಗಳು ಮೊದಲೇ ಕೇಳಿದ್ದರು. ದಡದ ಕಚೇರಿ ಅದನ್ನು ತಮಾಷೆಯಾಗಿ ತೆಗೆದುಕೊಂಡಿತ್ತು. ಬೇಜವಾಬ್ದಾರಿ ಕಂಪನಿಯ ಮೇಲಿನಿಂದ ಕೆಳಗಿನವರೆಗೂ ಹರಡಿದೆ ಎಂಬುದು ತನಿಖೆಯ ತೀರ್ಮಾನ. ಹಡಗಿನಲ್ಲಿ ನಡೆಯುವ ತಪ್ಪಿಗೆ ದಡದ ಆಡಳಿತವೂ ಹೊಣೆ ಎನ್ನುವ ಐಎಸ್‌ಎಂ ಎಂಬ ಅಂತರರಾಷ್ಟ್ರೀಯ ಸುರಕ್ಷತಾ ಸಂಹಿತೆ 1993ರಲ್ಲಿ ರೂಪುಗೊಂಡು, 1998ರಿಂದ ಕಡ್ಡಾಯವಾಗಲು ಈ ದುರಂತ ದೊಡ್ಡ ಕಾರಣ. ಹಡಗಿನ ಸುರಕ್ಷತೆಯ ಕೊನೆಯ ಕೊಂಡಿ ಇರುವುದು ಅತ್ಯಂತ ಕೆಳಗಿನ ಕೆಲಸಗಾರನ ಕೈಯಲ್ಲಿ. ಆ ಕೈ ದಣಿಯುವುದೋ ಚುರುಕಾಗಿರುವುದೋ ಎಂದು ನಿರ್ಧರಿಸುವವರು ಮಾತ್ರ ದಡದಲ್ಲಿರುತ್ತಾರೆ. ಆದ್ದರಿಂದ ಡೆಕ್ಕಿನಲ್ಲಿ, ಇಂಜಿನ್ ರೂಮಿನಲ್ಲಿ ಎಷ್ಟು ಜನ ಇರಬೇಕು, ಅವರಿಗೆ ಎಷ್ಟು ವಿಶ್ರಾಂತಿ ಸಿಗಬೇಕು ಎಂಬ ಪ್ರಶ್ನೆಯನ್ನು ಕಾರ್ಮಿಕ ಕಲ್ಯಾಣದ ಕಡತದಿಂದ ತೆಗೆದು ಸುರಕ್ಷತೆಯ ಕಡತಕ್ಕೆ ಸೇರಿಸಬೇಕು. ಈ ಲೇಖನದ ವಾದ ಇಷ್ಟೇ.

ವಿಶ್ವ ವ್ಯಾಪಾರದ ಸರಕಿನಲ್ಲಿ ಪರಿಮಾಣದ ಲೆಕ್ಕದಲ್ಲಿ ಶೇ. 80ಕ್ಕೂ ಹೆಚ್ಚು ಪಾಲು ಸಮುದ್ರದ ಮೇಲೆ ಸಾಗುತ್ತದೆ. ನಮ್ಮ ಅಡುಗೆಮನೆಗೆ ಬರುವ ತಾಳೆ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾಗಳಿಂದ ಹಡಗಿನಲ್ಲೇ ಬರುತ್ತದೆ. ಅಡುಗೆ ಅನಿಲ, ಕಚ್ಚಾ ತೈಲ, ರಸಗೊಬ್ಬರ ಮಂಗಳೂರಿನ ಪಣಂಬೂರು ಬಂದರಿನಲ್ಲಿ ಇಳಿಯುತ್ತವೆ. ಇದನ್ನೆಲ್ಲ ಹೊತ್ತು ತರುವ ಹಡಗುಗಳಲ್ಲಿ ದುಡಿಯುವವರು, 2021ರ ಅಂತರರಾಷ್ಟ್ರೀಯ ವರದಿಯ ಪ್ರಕಾರ, ಸುಮಾರು 18.9 ಲಕ್ಷ ಜನ. ಅವರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಅಧಿಕಾರಿಗಳಲ್ಲ; ಅವರನ್ನು ‘ರೇಟಿಂಗ್’ ಎನ್ನುತ್ತಾರೆ. ಮರ್ಚೆಂಟ್ ನೇವಿ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಬಿಳಿ ಸಮವಸ್ತ್ರದ ಕ್ಯಾಪ್ಟನ್. ಆದರೆ ಬಾಯ್ಲರ್ ಸೂಟು ತೊಟ್ಟು, ತಲೆಗೆ ಹೆಲ್ಮೆಟ್ ಹಾಕಿ ಹಡಗನ್ನು ನಡೆಯುವಂತೆ ಇಟ್ಟುಕೊಳ್ಳುವವರು ಇವರು. ಡೆಕ್ ವಿಭಾಗದಲ್ಲಿ ಬೋಸನ್ ಮೇಸ್ತ್ರಿ. ಅವನ ಕೆಳಗೆ ಚುಕ್ಕಾಣಿ ಹಿಡಿಯಲೂ ಕಾವಲು ನಿಲ್ಲಲೂ ಅರ್ಹತೆಯುಳ್ಳ ಎಬಿಗಳು. ಅವರ ಕೆಳಗೆ ಕಲಿಯುವ ಹಂತದ ಓಎಸ್‌ಗಳು. ಇಂಜಿನ್ ವಿಭಾಗದಲ್ಲಿ ವೆಲ್ಡಿಂಗ್, ಲೇತ್ ಕೆಲಸದ ಫಿಟ್ಟರ್, ಯಂತ್ರಗಳ ಮೇಲೆ ಕಣ್ಣಿಡುವ ಆಯಿಲರ್ ಅಥವಾ ಮೋಟರ್‌ಮನ್, ಎಲ್ಲರಿಗಿಂತ ಕೆಳಗೆ ವೈಪರ್. ಅಡುಗೆಯವರನ್ನೂ ಅಧಿಕಾರಿಗಳನ್ನೂ ಸೇರಿಸಿ ಇಂದಿನ ದೊಡ್ಡ ಸರಕು ಹಡಗಿನಲ್ಲಿ ಇರುವವರು ಇಪ್ಪತ್ತರಿಂದ ಇಪ್ಪತ್ತೈದು ಜನ. 2021ರ ಮಾರ್ಚ್‌ನಲ್ಲಿ ಸೂಯೆಜ್ ಕಾಲುವೆಗೆ ಅಡ್ಡವಾಗಿ ಸಿಕ್ಕಿಕೊಂಡ ‘ಎವರ್ ಗಿವನ್’ 400 ಮೀಟರ್ ಉದ್ದದ ಹಡಗು. ಇಪ್ಪತ್ತು ಸಾವಿರ ಕಂಟೇನರ್ ಹೊರುವ ಸಾಮರ್ಥ್ಯ ಅದರದ್ದು. ಅದರಲ್ಲಿದ್ದ ಸಿಬ್ಬಂದಿ 25, ಎಲ್ಲರೂ ಭಾರತೀಯರು.

ಕೆಳಗಿನ ಕೆಲಸ ಎಷ್ಟು ಮೇಲಿನದು ಎಂದು ಅರಿಯಲು ವೈಪರ್‌ನ ಕೆಲಸವನ್ನೇ ನೋಡಬೇಕು. ದೊಡ್ಡ ಹಡಗುಗಳ ಮುಖ್ಯ ಇಂಜಿನ್ ಹಲವು ಅಂತಸ್ತಿನ ಕಟ್ಟಡದಷ್ಟು ಎತ್ತರ. ಅದು ಸುಡುವ ಮಂದ ತೈಲ ತಣ್ಣಗಿದ್ದರೆ ಡಾಂಬರಿನಂತೆ ಗಟ್ಟಿ. ಅದನ್ನು ಸುಮಾರು 98 ಡಿಗ್ರಿಗೆ ಕಾಯಿಸಿ, ಪ್ಯೂರಿಫೈಯರ್ ಎಂಬ ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ನೀರು, ಕೊಳೆಯನ್ನು ಬೇರ್ಪಡಿಸಬೇಕು. ಆಮೇಲೆ ಇನ್ನೂ ಕಾಯಿಸಿ ಭಾರಿ ಒತ್ತಡದಲ್ಲಿ ಇಂಜಿನ್ನಿಗೆ ಉಣಿಸಬೇಕು. ಸುತ್ತ ನಲವತ್ತು ಡಿಗ್ರಿ ದಾಟುವ ಸೆಕೆ, ಕಿವಿಗೆ ರಕ್ಷಣೆಯಿಲ್ಲದೆ ನಿಲ್ಲಲಾಗದ ಸದ್ದು. ಒಂದು ಪೈಪಿನ ಜೋಡಣೆ ಸಡಿಲವಾಗಿ ತೈಲ ಮಂಜಿನಂತೆ ಚಿಮ್ಮಿ ಬಿಸಿ ಲೋಹಕ್ಕೆ ತಾಗಿದರೆ ಸಾಕು, ಬೆಂಕಿ. 220 ಡಿಗ್ರಿಗಿಂತ ಹೆಚ್ಚು ಬಿಸಿಯಾಗುವ ಭಾಗಗಳಿಗೆ ಹೊದಿಕೆ ಇರಲೇಬೇಕು ಎಂದು ಅಂತರರಾಷ್ಟ್ರೀಯ ನಿಯಮ ಹೇಳುವುದು ಇದೇ ಕಾರಣಕ್ಕೆ. ಆದರೆ ಆ ಹೊದಿಕೆ ದುರಸ್ತಿಗೆಂದು ಬಿಚ್ಚಿದ ಮೇಲೆ ಮತ್ತೆ ಸರಿಯಾಗಿ ಕೂತಿದೆಯೇ, ಪ್ಯೂರಿಫೈಯರ್ ಅಡಿಯ ತಟ್ಟೆಯಲ್ಲಿ ನಿನ್ನೆ ಇಲ್ಲದ ಎಣ್ಣೆ ಇಂದು ಏಕೆ ಬಿದ್ದಿದೆ ಎಂದು ಗಮನಿಸುವುದು ಚಿಂದಿಬಟ್ಟೆ ಹಿಡಿದು ಒರೆಸುತ್ತಾ ಬರುವ ವೈಪರ್. ಅವನ ಹುದ್ದೆ ಸ್ವಚ್ಛತೆಯದು. ಅವನು ಮಾಡುತ್ತಿರುವುದು ಬೆಂಕಿ ತಡೆಯುವ ಕೆಲಸ. ನಿದ್ದೆಗೆಟ್ಟವನು ಎಣ್ಣೆಯನ್ನು ಒರೆಸಿ ಮುಂದೆ ಹೋಗುತ್ತಾನೆ, ಚೆನ್ನಾಗಿ ಮಲಗಿ ಎದ್ದವನು ಆ ಎಣ್ಣೆ ಎಲ್ಲಿಂದ ಬಂತು ಎಂದು ತಲೆಯೆತ್ತಿ ನೋಡುತ್ತಾನೆ.

ಡೆಕ್ಕಿನ ಕತೆಯೂ ಹೀಗೆಯೇ. ಸಮುದ್ರದಲ್ಲಿರುವಾಗ ಅಲ್ಲಿನ ದೊಡ್ಡ ಕೆಲಸ ತುಕ್ಕಿನ ಜೊತೆಗಿನ ಜಗಳ: ಕುಟ್ಟು, ಉಜ್ಜು, ಬಣ್ಣ ಬಳಿ. ಆದರೆ ಜೀವಕ್ಕೆ ಕುತ್ತಿರುವುದು ಹಗ್ಗದಲ್ಲಿ ಮತ್ತು ಮುಚ್ಚಿದ ಕೋಣೆಗಳಲ್ಲಿ. ಧಕ್ಕೆಗೆ ಹಡಗು ಕಟ್ಟುವಾಗ ಮುಂಗೈಯಷ್ಟು ದಪ್ಪದ ಹಗ್ಗಗಳನ್ನು ವಿಂಚಿನಿಂದ ಬಿಗಿಯುತ್ತಾರೆ. ನೈಲಾನಿನಂಥ ಹಗ್ಗ ಬಿಗಿದಂತೆ ಹಿಗ್ಗುತ್ತದೆ. ತುಂಡಾದ ಕ್ಷಣದಲ್ಲಿ ಒಳಗೆ ತುಂಬಿಕೊಂಡ ಬಲವೆಲ್ಲ ಹೊರಬಿದ್ದು, ಕಣ್ಣಿಗೆ ಕಾಣುವ ಮೊದಲೇ ಅದು ಎದುರಿದ್ದವನನ್ನು ಹೊಡೆದು ಕೆಡವಿರುತ್ತದೆ. ಎಲ್ಲಿ ನಿಲ್ಲಬಾರದು ಎಂಬ ಎಚ್ಚರವೊಂದೇ ಅಲ್ಲಿ ರಕ್ಷಣೆ. ಇನ್ನು ಲಂಗರಿನ ಸರಪಳಿ ತುಂಬಿಡುವ ಕೋಣೆ. ಅಲ್ಲಿ ವಿಷವಿಲ್ಲ, ವಾಸನೆಯಿಲ್ಲ. ಆದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುವಾಗ ಗಾಳಿಯಲ್ಲಿನ ಆಮ್ಲಜನಕ ಖರ್ಚಾಗುತ್ತದೆ. ಸಾಮಾನ್ಯ ಗಾಳಿಯಲ್ಲಿ ಶೇ. 20.9ರಷ್ಟು ಇರುವ ಆಮ್ಲಜನಕ ತೀರ ಕುಸಿದ ಕೋಣೆಗೆ ಇಳಿದವನು ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಬಹುದು. ಬಿದ್ದವನನ್ನು ಎತ್ತಲು ಇಳಿದ ಗೆಳೆಯನೂ ಅಲ್ಲೇ ಉಳಿಯುತ್ತಾನೆ. ಇಂಥ ಸಾವುಗಳಲ್ಲಿ ರಕ್ಷಿಸಲು ಹೋದವರ ಸಾವು ಮತ್ತೆ ಮತ್ತೆ ಕಾಣುತ್ತದೆ. ಇದಕ್ಕೆ ಅನುಮತಿ ಪತ್ರ, ಗಾಳಿ ಪರೀಕ್ಷೆ, ಬಾಗಿಲಲ್ಲಿ ಕಾವಲಿಗೆ ಒಬ್ಬ ಎಂಬ ನಿಯಮವಿದೆ. ಕಾವಲಿಗೆ ನಿಲ್ಲುವ ಆ ಒಬ್ಬ ಎಲ್ಲಿಂದ ಬರಬೇಕು? ಜನ ಸಾಕಷ್ಟಿದ್ದರೆ ಮಾತ್ರ ನಿಯಮ ನಡೆಯುತ್ತದೆ. ಇಲ್ಲದಿದ್ದರೆ ಸಹಿ ಬೀಳುತ್ತದೆ, ಕಾವಲು ಇರುವುದಿಲ್ಲ.

ಕಾನೂನು ಎಷ್ಟು ದುಡಿಸಲು ಬಿಡುತ್ತದೆ ನೋಡಿ. ನಾವಿಕರ ಹಕ್ಕುಪತ್ರ ಎನ್ನಬಹುದಾದ ಎಂಎಲ್‌ಸಿ ಎಂಬ ಸಾಗರ ಕಾರ್ಮಿಕ ಒಪ್ಪಂದ 2006ರಲ್ಲಿ ಜಿನೀವಾದಲ್ಲಿ ಆಗಿ, 2013ರ ಆಗಸ್ಟ್ 20ರಂದು ಜಾರಿಗೆ ಬಂತು. ಭಾರತ 2015ರಲ್ಲಿ ಒಪ್ಪಿ ಸಹಿ ಹಾಕಿತು. ಯಾವುದೇ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ಏಳು ದಿನಗಳಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಡಬೇಕು ಎನ್ನುತ್ತದೆ ಅದರ ಒಂದು ಅಳತೆ. ದಿನದ ವಿಶ್ರಾಂತಿಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ, ಒಂದು ತುಂಡು ಕನಿಷ್ಠ ಆರು ಗಂಟೆಯದಾಗಿರಬೇಕು. ಓದಲು ಚೆನ್ನಾಗಿದೆ. ಆದರೆ ವಾರಕ್ಕೆ 168 ಗಂಟೆ. ಅದರಲ್ಲಿ 77 ಕಳೆದರೆ ಉಳಿಯುವುದು 91. ಅಂದರೆ ವಾರಕ್ಕೆ 91 ಗಂಟೆ ದುಡಿಸಿದರೂ ಈ ಅಳತೆಯ ಪ್ರಕಾರ ಕಾನೂನು ಮುರಿದಂತಾಗದು. ನಮ್ಮ ಕಾರ್ಖಾನೆಗಳಿಗೆ 1948ರ ಕಾಯ್ದೆ ಹಾಕಿದ್ದ ಮಿತಿ 48 ಗಂಟೆ. ಊಟ, ಸ್ನಾನ, ಬಟ್ಟೆ ಒಗೆತ, ಮನೆಗೆ ಫೋನು ಎಲ್ಲವೂ ಆ ಹತ್ತು ಗಂಟೆಯಲ್ಲೇ ಆಗಬೇಕು. ಬಂದರು ಮುಟ್ಟಿದರೆ ಬಿಡುವು ಸಿಗುತ್ತದೆ ಎಂದು ದಡದವರು ಅಂದುಕೊಳ್ಳುತ್ತಾರೆ. ವಾಸ್ತವ ತಿರುಗುಮುರುಗು. ಹಗ್ಗ ಕಟ್ಟುವುದು, ಏಣಿಯ ಬಾಯಲ್ಲಿ ಕಾವಲು, ಸರಕು ಇಳಿಸುವ ಮೇಲ್ವಿಚಾರಣೆ, ಇಂಧನ ತುಂಬುವುದು, ದಿನಸಿ ಏರಿಸುವುದು, ತಪಾಸಣೆಗೆ ಬಂದವರ ಹಿಂದೆ ಓಡಾಡುವುದು ಎಲ್ಲ ಅಲ್ಲೇ ಒಟ್ಟಾಗುತ್ತವೆ. 2004ರಲ್ಲಿ ಜಾರಿಯಾದ ಹಡಗು ಮತ್ತು ಬಂದರು ಭದ್ರತಾ ಸಂಹಿತೆ ಕಾವಲಿನ ಕೆಲಸವನ್ನು ಹೆಚ್ಚಿಸಿತು. ಆ ಕಾವಲಿಗೆಂದು ಪ್ರತ್ಯೇಕ ಜನ ಸಾಮಾನ್ಯವಾಗಿ ಹಡಗು ಹತ್ತಲಿಲ್ಲ.

ಇಷ್ಟು ಸಡಿಲವಾದ ಮಿತಿಯೂ ಕಾಗದದಲ್ಲೇ ಉಳಿಯುವುದುಂಟು. ಸ್ವೀಡನ್ನಿನ ಮಾಲ್ಮೋದಲ್ಲಿರುವ ವಿಶ್ವ ಸಾಗರ ವಿಶ್ವವಿದ್ಯಾಲಯ 2020ರಲ್ಲಿ ಪ್ರಕಟಿಸಿದ ಅಧ್ಯಯನ, ಕೆಲಸ ಮತ್ತು ವಿಶ್ರಾಂತಿಯ ಗಂಟೆಗಳ ದಾಖಲೆಯನ್ನು ನಿಯಮಕ್ಕೆ ಹೊಂದುವಂತೆ ತಿದ್ದಿ ಬರೆಯುವುದು ಹಡಗುಗಳಲ್ಲಿ ವ್ಯಾಪಕ ರೂಢಿಯಾಗಿದೆ ಎಂದು ಕಂಡುಕೊಂಡಿತು. ಕೆಲಸಕ್ಕೆ ಬೇಕಾದಷ್ಟು ಜನರಿಲ್ಲ ಎಂಬುದು ಅದರ ಮೂಲ ಕಾರಣಗಳಲ್ಲಿ ಒಂದು. ಹಡಗಿನಲ್ಲಿ ಕನಿಷ್ಠ ಎಷ್ಟು ಜನ ಇರಬೇಕೆಂದು ನಿರ್ಧರಿಸುವುದು ಆ ಹಡಗು ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶ. ಪನಾಮಾ, ಲೈಬೀರಿಯಾ, ಮಾರ್ಷಲ್ ದ್ವೀಪಗಳು ಈ ಮೂರೇ ದೇಶಗಳ ಬಾವುಟದಡಿ ಜಗತ್ತಿನ ಹಡಗು ಸಾಮರ್ಥ್ಯದ ಶೇ. 40ಕ್ಕಿಂತ ಹೆಚ್ಚಿದೆ. ಸಮುದ್ರವೇ ಇಲ್ಲದ ಮಂಗೋಲಿಯಾ ಕೂಡ ಹಡಗು ನೋಂದಾಯಿಸುತ್ತದೆ. ಬಾವುಟ ಕೊಡುವುದು ವರಮಾನದ ವ್ಯವಹಾರ. ಕಟ್ಟುನಿಟ್ಟು ಮಾಡಿದರೆ ಮಾಲೀಕ ಪಕ್ಕದ ಬಾವುಟಕ್ಕೆ ಹೋಗುತ್ತಾನೆ. ಹಾಗಾಗಿ ಕನಿಷ್ಠ ಸಿಬ್ಬಂದಿಯ ಪತ್ರ ಹಡಗು ಚಲಿಸಲು ಬೇಕಾದಷ್ಟು ಜನರನ್ನು ಹೇಳುತ್ತದೆ. ತುಕ್ಕು ಕುಟ್ಟಲು, ದುರಸ್ತಿಗೆ, ತಪಾಸಣೆಗೆ, ಕಾಯಿಲೆ ಬಿದ್ದವನ ಜಾಗಕ್ಕೆ ಬೇಕಾದವರ ಲೆಕ್ಕ ಅದರಲ್ಲಿ ಸಿಗುವುದು ಅಪರೂಪ.

ದಣಿವಿನಿಂದ ಏನಾಗುತ್ತದೆ ಎಂಬುದಕ್ಕೆ ದಾಖಲೆಯಿದೆ. 2010ರ ಏಪ್ರಿಲ್ 3ರಂದು ಕಲ್ಲಿದ್ದಲು ತುಂಬಿದ ‘ಶೆನ್ ನೆಂಗ್ 1’ ಹಡಗು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಪ್ರದೇಶದ ಬಂಡೆಗೆ ಹತ್ತಿತು. ಪಾಳಿಯಲ್ಲಿದ್ದ ಮುಖ್ಯ ಅಧಿಕಾರಿ ಬಂದರಿನಲ್ಲಿ ಸರಕು ತುಂಬಿಸುವ ಕೆಲಸ ನೋಡಿಕೊಂಡಿದ್ದವನು. ಹಡಗು ಬಂಡೆಗೆ ಹತ್ತುವ ಮುಂಚಿನ 38 ಗಂಟೆಗೂ ಹೆಚ್ಚಿನ ಅವಧಿಯಲ್ಲಿ ಅವನಿಗೆ ಸಿಕ್ಕಿದ್ದು ಎರಡೂವರೆ ಗಂಟೆಯ ನಿದ್ದೆ ಎಂದು ಅಲ್ಲಿನ ತನಿಖಾ ಸಂಸ್ಥೆ ವರದಿ ಮಾಡಿತು. ಅಧಿಕಾರಿಯ ಪಾಡೇ ಹೀಗಾದರೆ ಅವನ ಜೊತೆ ಅದೇ ಬಂದರಿನಲ್ಲಿ ದುಡಿದ ಖಲಾಸಿಗಳದ್ದು ಹೇಗಿದ್ದೀತು? ದಣಿವಿಲ್ಲದ ಪ್ರಕರಣವೂ ಒಂದು ಪಾಠ ಹೇಳುತ್ತದೆ. 2024ರ ಮಾರ್ಚ್ 26ರಂದು ಅಮೆರಿಕದ ಬಾಲ್ಟಿಮೋರ್‌ನಲ್ಲಿ ‘ಡಾಲಿ’ ಎಂಬ ಹಡಗು ವಿದ್ಯುತ್ ಕಳೆದುಕೊಂಡು ಸೇತುವೆಗೆ ಬಡಿದು, ಸೇತುವೆ ಕುಸಿದು, ಅದರ ಮೇಲೆ ದುರಸ್ತಿ ಕೆಲಸದಲ್ಲಿದ್ದ ಆರು ಕಾರ್ಮಿಕರು ಸತ್ತರು. ಹಡಗಿನ 21 ಸಿಬ್ಬಂದಿಯಲ್ಲಿ 20 ಜನ ಭಾರತೀಯರು. ಅಮೆರಿಕದ ತನಿಖಾ ಮಂಡಳಿ 2025ರ ನವೆಂಬರಿನಲ್ಲಿ ತಿಳಿಸಿದ ಕಾರಣ ಇದು: ತಂತಿಯೊಂದಕ್ಕೆ ಸುತ್ತಿದ ಹೆಸರಿನ ಪಟ್ಟಿ ಸರಿಯಾಗಿ ಹಾಕಿರಲಿಲ್ಲ, ಅದರಿಂದ ತಂತಿ ತನ್ನ ಜಾಗದಲ್ಲಿ ಪೂರ್ತಿ ಕೂರದೆ ಸಡಿಲವಾಗಿತ್ತು. ಇಲ್ಲಿ ದಣಿವನ್ನು ದೂರುವಂತಿಲ್ಲ. ಆದರೆ 300 ಮೀಟರ್ ಉದ್ದದ ಹಡಗಿನ ಸಾವಿರಾರು ತಂತಿಗಳಲ್ಲಿ ಸಡಿಲವಾದ ಒಂದನ್ನು ಹುಡುಕಲು ಬೇಕಾದದ್ದು ಪುರುಸೊತ್ತು. ಬೆಳಗಿನಿಂದ ರಾತ್ರಿವರೆಗೆ ಕೆಟ್ಟದ್ದನ್ನು ಸರಿಮಾಡುವುದರಲ್ಲೇ ಮುಗಿಯುವ ಸಿಬ್ಬಂದಿಗೆ ಇನ್ನೂ ಕೆಡದಿರುವುದನ್ನು ನೋಡಲು ಬಿಡುವಿರುವುದಿಲ್ಲ.

ಇದಕ್ಕೆ ಎದುರು ವಾದಗಳಿವೆ. ಮೊದಲನೆಯದು ನಮ್ಮ ಕರಾವಳಿಯ ಮನೆಗಳಲ್ಲೂ ಕೇಳುವ ಮಾತು: ಹಡಗಿನವರಿಗೆ ಸಂಬಳ ಚೆನ್ನಾಗಿದೆ, ಇಷ್ಟಪಟ್ಟೇ ಹೋಗುತ್ತಾರೆ, ಇನ್ನೇನು ಬೇಕು? ಸಂಬಳ ಊರಿನ ಕೂಲಿಗಿಂತ ಹೆಚ್ಚು ಎಂಬುದು ನಿಜ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಮಿತಿ ಎಬಿಗೆ ಶಿಫಾರಸು ಮಾಡಿದ ಕನಿಷ್ಠ ಮೂಲ ವೇತನ 2025ಕ್ಕೆ ತಿಂಗಳಿಗೆ 673 ಡಾಲರ್, ಆಗಿನ ದರದಲ್ಲಿ 57 ಸಾವಿರ ರೂಪಾಯಿಯ ಆಸುಪಾಸು, ಓವರ್‌ಟೈಮ್ ಬೇರೆ. ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಹೊರಗಿದ್ದರೆ ವಿದೇಶಿ ಹಡಗಿನ ಸಂಬಳಕ್ಕೆ ಆದಾಯ ತೆರಿಗೆಯ ವಿನಾಯಿತಿಯೂ ಸಿಗಬಹುದು. ಆದರೆ ರೇಟಿಂಗ್‌ಗಳಲ್ಲಿ ಹೆಚ್ಚಿನವರು ಕರಾರಿನ ಮೇಲೆ ಹೋಗುವವರು. ಹಡಗಿನಿಂದ ಇಳಿದ ಮೇಲೆ ಸಂಬಳವಿಲ್ಲ, ಮುಂದಿನ ಕರಾರು ಯಾವಾಗ ಎಂಬ ಖಾತ್ರಿಯಿಲ್ಲ. ಒಂಬತ್ತು ತಿಂಗಳು ದುಡಿದದ್ದನ್ನು ಹನ್ನೆರಡಕ್ಕೋ ಹದಿನಾಲ್ಕಕ್ಕೋ ಹಂಚಿ ನೋಡಿದರೆ ಚಿತ್ರ ಬದಲಾಗುತ್ತದೆ. ಮುಂದಿನ ಕರಾರು ತಪ್ಪೀತು ಎಂಬ ಭಯವೇ ದಾಖಲೆ ತಿದ್ದುವ ಕೈಗೆ ಬಲ ಕೊಡುತ್ತದೆ. ಅದಕ್ಕಿಂತ ದೊಡ್ಡ ಉತ್ತರ ಬೇರೆಯಿದೆ. ಸಂಬಳ ದುಡಿದವನ ಕಷ್ಟಕ್ಕೆ ಬೆಲೆಯಾಗಬಹುದು, ದಣಿದವನ ತಪ್ಪಿನಿಂದ ಸಾಯುವ ಪ್ರಯಾಣಿಕನಿಗೆ, ಎಣ್ಣೆ ಬಳಿದುಕೊಳ್ಳುವ ತೀರಕ್ಕೆ ಅದು ಬೆಲೆಯಾಗದು. ಲಾರಿ ಡ್ರೈವರ್ ತಾನಾಗಿ ಒಪ್ಪಿದ ಎಂದು ಅವನನ್ನು ಮೂರು ರಾತ್ರಿ ನಿದ್ದೆಯಿಲ್ಲದೆ ಓಡಿಸಲು ನಾವು ಬಿಡುವುದಿಲ್ಲ. ರಸ್ತೆಯಲ್ಲಿ ಬೇರೆಯವರೂ ಇದ್ದಾರೆ.

ಎರಡನೆಯ ವಾದ ತಂತ್ರಜ್ಞಾನದ್ದು: ಎಲ್ಲ ಸ್ವಯಂಚಾಲಿತವಾಗುತ್ತಿದೆ, ಕೆಲಸ ಕಡಿಮೆಯಾಗಿದೆ, ನಾಳೆ ಮನುಷ್ಯರೇ ಬೇಡ. ಕಲ್ಲಿದ್ದಲು ಎರಚುತ್ತಿದ್ದ ನೂರಾರು ಜನ ಹಡಗಿನಿಂದ ಮಾಯವಾದದ್ದು ಒಳ್ಳೆಯದೇ ಆಯಿತು. ಅದು ಮನುಷ್ಯರು ಮಾಡಬಾರದ ಕೆಲಸವಾಗಿತ್ತು. ಇಂದು ಅನೇಕ ಇಂಜಿನ್ ರೂಮುಗಳು ರಾತ್ರಿ ಜನರಿಲ್ಲದೆ ನಡೆಯುತ್ತವೆ. ಏನಾದರೂ ಏರುಪೇರಾದರೆ ಸರದಿಯ ಇಂಜಿನಿಯರ್‌ನ ಕ್ಯಾಬಿನ್ನಿನಲ್ಲಿ ಅಲಾರಂ ಹೊಡೆದುಕೊಳ್ಳುತ್ತದೆ. ರಾತ್ರಿ ಮೂರು ಸಲ ಎದ್ದು ಕೆಳಗಿಳಿದವನು ಬೆಳಿಗ್ಗೆ ಎಂಟಕ್ಕೆ ಮತ್ತೆ ಹಾಜರು. ಅವನ ಜೊತೆ ಪಿಸ್ಟನ್ ಬಿಚ್ಚಲು ನಿಲ್ಲುವ ಮೋಟರ್‌ಮನ್, ಫಿಟ್ಟರ್ ಕೂಡ. ಯಂತ್ರವನ್ನು ನೋಡಿಕೊಳ್ಳುವ ಕೆಲಸವನ್ನು ಸೆನ್ಸರ್ ಕಸಿದುಕೊಂಡಿದೆ, ಆದರೆ ಯಂತ್ರವನ್ನು ಬಿಚ್ಚಿ, ತೊಳೆದು, ಜೋಡಿಸುವ ಕೆಲಸ ಮನುಷ್ಯನಿಗೇ ಉಳಿದಿದೆ. ಸೆನ್ಸರ್‌ಗಳನ್ನು ಸರಿಯಾಗಿಟ್ಟುಕೊಳ್ಳುವ ಕೆಲಸ ಹೊಸದಾಗಿ ಸೇರಿದೆ. ಮಾನವರಹಿತ ಹಡಗಿಗೆ ಎಲ್ಲರೂ ಕೊಡುವ ಉದಾಹರಣೆ ನಾರ್ವೆಯ ‘ಯಾರಾ ಬಿರ್ಕೆಲಾಂಡ್’. ಅದು 120 ಕಂಟೇನರ್ ಹೊತ್ತು ತೀರದಲ್ಲೇ ಅತ್ತಿಂದಿತ್ತ ಓಡಾಡುವ ವಿದ್ಯುತ್ ಹಡಗು. ಮಳೆಗಾಲದ ಅರಬ್ಬಿ ಸಮುದ್ರದಲ್ಲಿ ಹದಿನೈದು ದಿನ ಉರುಳಾಡುವ ತೈಲ ಹಡಗಿಗೂ ಅದಕ್ಕೂ ಅಜಗಜಾಂತರ. ಎಂದೋ ಬರಲಿರುವ ಹಡಗಿನ ಹೆಸರಲ್ಲಿ ಇಂದಿನ ಹಡಗಿನ ಜನರನ್ನು ಕಡಿಮೆ ಮಾಡುವುದಕ್ಕೆ ಅರ್ಥವಿಲ್ಲ.

ಜೊತೆಗೆ, ಹಡಗಿನ ಸಿಬ್ಬಂದಿಯ ಸಂಖ್ಯೆಯನ್ನು ಎಲ್ಲ ಸರಿಯಿರುವ ದಿನಕ್ಕೆ ಲೆಕ್ಕ ಹಾಕಬಾರದು. ಸಮುದ್ರದಲ್ಲಿ ಬೆಂಕಿ ಬಿದ್ದರೆ ಅಗ್ನಿಶಾಮಕ ದಳವೂ ಅವರೇ, ಆಂಬುಲೆನ್ಸೂ ಅವರೇ. 2025ರ ಜೂನ್ 9ರಂದು ಕೊಲಂಬೊದಿಂದ ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿಗೆ ಹೊರಟಿದ್ದ ‘ವಾನ್ ಹೈ 503’ ಹಡಗಿನ ಕಂಟೇನರ್‌ಗಳಲ್ಲಿ ಕೇರಳ ತೀರದಾಚೆ ಸ್ಫೋಟವಾಗಿ ಬೆಂಕಿ ಹೊತ್ತಿತು. ಹಡಗಿನಲ್ಲಿದ್ದವರು 22 ಜನ. ಪಾರಾದ 18 ಮಂದಿಯನ್ನು ನೌಕಾಪಡೆಯ ‘ಐಎನ್‌ಎಸ್ ಸೂರತ್’ ಮಂಗಳೂರಿಗೆ ತಂದಿತು. ಸುಟ್ಟ ಗಾಯಗಳಾದವರಿಗೆ ಅಲ್ಲಿಯೇ ಚಿಕಿತ್ಸೆ ನಡೆಯಿತು. ನಾಲ್ವರು ಕಾಣೆಯಾದರು. ಆ ಬೆಂಕಿಯನ್ನು ನಂದಿಸಲು ಕೋಸ್ಟ್ ಗಾರ್ಡ್ ಮತ್ತು ರಕ್ಷಣಾ ಹಡಗುಗಳು ಅನೇಕ ದಿನ ಹೆಣಗಬೇಕಾಯಿತು. ಅಂಥದ್ದನ್ನು ಮೊದಲ ಗಂಟೆಯಲ್ಲಿ ಎದುರಿಸಬೇಕಾದದ್ದು ಅಡುಗೆಯವನೂ ಸೇರಿದ ಇಪ್ಪತ್ತೆರಡು ಜನ. ಇಷ್ಟೇ ಜನ ಸಾಕು ಎನ್ನುವವರು ಸಾಕಾಗುವುದು ಯಾವ ದಿನಕ್ಕೆ ಎಂದೂ ಹೇಳಬೇಕು.

ಮೂರನೆಯ ವಾದ, ಕಾನೂನುಗಳು ಇವೆಯಲ್ಲ ಎಂಬುದು. ಇವೆ, ಮೊದಲಿಗಿಂತ ಒಳ್ಳೆಯವೇ ಇವೆ. ಒಬ್ಬನನ್ನು ರಜೆಯಿಲ್ಲದೆ ಹನ್ನೆರಡು ತಿಂಗಳು ಹಡಗಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಆದರೆ 2020ರಲ್ಲಿ ಕೊರೊನಾ ಬಂದು ದೇಶಗಳು ಬಾಗಿಲು ಹಾಕಿಕೊಂಡಾಗ, ಕರಾರು ಮುಗಿದ ಮೇಲೂ ಮನೆಗೆ ಹೋಗಲಾಗದೆ ಹಡಗಿನಲ್ಲೇ ಉಳಿದವರು ಒಂದು ಹಂತದಲ್ಲಿ ನಾಲ್ಕು ಲಕ್ಷ. ಅವರನ್ನು ಅಗತ್ಯ ಸೇವೆಯವರೆಂದು ಗುರುತಿಸಿ ಎಂದು ವಿಶ್ವಸಂಸ್ಥೆಯ ಮಹಾಸಭೆ ಆ ವರ್ಷದ ಡಿಸೆಂಬರಿನಲ್ಲಿ ನಿರ್ಣಯ ಮಾಡಬೇಕಾಯಿತು. ಸಂಬಳ ಕೊಡದೆ, ಊಟ, ಇಂಧನ ಕಳಿಸದೆ ಮಾಲೀಕ ಕೈಬಿಟ್ಟರೆ ಕನಿಷ್ಠ ನಾಲ್ಕು ತಿಂಗಳ ಬಾಕಿ ಸಂಬಳಕ್ಕೆ ವಿಮೆಯ ಭದ್ರತೆ ಇರಬೇಕೆಂಬ ನಿಯಮ 2017ರಿಂದ ಇದೆ. ಆದರೂ ಸಾರಿಗೆ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟವಾದ ಐಟಿಎಫ್‌ನ ಲೆಕ್ಕದಲ್ಲಿ 2024ರಲ್ಲಿ ಹೀಗೆ ಕೈಬಿಟ್ಟ ಹಡಗುಗಳು 312, ಅವುಗಳಲ್ಲಿದ್ದವರು 3,133 ಜನ; ಭಾರತೀಯರೇ ಎಲ್ಲರಿಗಿಂತ ಹೆಚ್ಚು, 899. ಕಾನೂನು ಇರುವುದಕ್ಕೂ ಅದನ್ನು ನೋಡಿಕೊಳ್ಳುವವರು ಇರುವುದಕ್ಕೂ ನಡುವಿನ ಅಂತರವೇ ಈ ಅಂಕಿ. ಕೆಲಸದ ಗಂಟೆಯ ವಿಷಯದಲ್ಲಿ ಆ ಅಂತರ ಮುಚ್ಚುವುದು ಕಷ್ಟವೂ ಅಲ್ಲ. ಹಡಗು ಎಷ್ಟು ಹೊತ್ತಿಗೆ ಧಕ್ಕೆಗೆ ಕಟ್ಟಿತು, ಲಂಗರು ಯಾವಾಗ ಎತ್ತಿತು, ಇಂಜಿನ್ ಯಾವಾಗ ನಿಂತಿತು ಎಂಬುದೆಲ್ಲ ಲಾಗ್ ಪುಸ್ತಕದಲ್ಲಿ ನಿಮಿಷದ ಲೆಕ್ಕದಲ್ಲಿರುತ್ತದೆ. ಬೆಳಗಿನ ಜಾವ ಮೂರಕ್ಕೆ ಹಗ್ಗ ಕಟ್ಟಿದ ಹಡಗಿನಲ್ಲಿ, ಅದೇ ಹೊತ್ತಿಗೆ ಎಲ್ಲ ಎಬಿಗಳೂ ಮಲಗಿದ್ದರು ಎಂದು ವಿಶ್ರಾಂತಿ ಪಟ್ಟಿ ಹೇಳುತ್ತಿದ್ದರೆ, ಬಂದರು ತಪಾಸಕ ಎರಡು ಪುಸ್ತಕಗಳನ್ನು ಪಕ್ಕದಲ್ಲಿಟ್ಟು ಹತ್ತು ನಿಮಿಷದಲ್ಲಿ ಸುಳ್ಳು ಹಿಡಿಯಬಹುದು. ಹಿಡಿದ ಮೇಲೆ ದಂಡ ಬೀಳಬೇಕಾದದ್ದು ಪಟ್ಟಿ ಬರೆದವನಿಗಲ್ಲ, ಜನ ಕೊಡದೆ ಆ ಪಟ್ಟಿ ಬರೆಯಿಸಿದ ಕಂಪನಿಗೆ.

ಕೊನೆಯದು ಹಣದ ವಾದ, ಮತ್ತು ಇದರಲ್ಲಿ ಸ್ವಲ್ಪ ಹುರುಳಿದೆ. ಜನ ಹೆಚ್ಚಿದರೆ ಸಾಗಣೆ ವೆಚ್ಚ ಹೆಚ್ಚುತ್ತದೆ, ಕೊನೆಗೆ ಗ್ರಾಹಕನೇ ತೆರುತ್ತಾನೆ ಎನ್ನುತ್ತಾರೆ. ಲೆಕ್ಕ ಹಾಕಿಯೇ ನೋಡೋಣ. ಇಬ್ಬರು ಹೆಚ್ಚುವರಿ ಕೆಲಸಗಾರರಿಗೆ ಸಂಬಳ, ಊಟ, ವಿಮೆ, ವಿಮಾನದ ಟಿಕೆಟ್ಟು ಎಲ್ಲ ಸೇರಿ ತಿಂಗಳಿಗೆ ತಲಾ ಎರಡು ಲಕ್ಷ ರೂಪಾಯಿ ಎಂದುಕೊಳ್ಳಿ. ದೊಡ್ಡ ಹಡಗೊಂದು ತಿಂಗಳಲ್ಲಿ ಒಂದೇ ಸಲ 15,000 ಕಂಟೇನರ್ ಹೊತ್ತರೂ, ಒಂದು ಕಂಟೇನರ್ ಮೇಲೆ ಬೀಳುವುದು ಸುಮಾರು 27 ರೂಪಾಯಿ. ಸಣ್ಣ ಹಡಗಿನಲ್ಲಿ ಈ ಹೊರೆ ನಿಜಕ್ಕೂ ಭಾರವಾಗುತ್ತದೆ. ಆದರೆ ಎರಡು ದಿನಕ್ಕೊಂದು ಬಂದರು ಮುಟ್ಟುವ, ಏಳೆಂಟು ಜನರ ಸಣ್ಣ ಹಡಗಿನಲ್ಲೇ ನಿದ್ದೆ ಎಲ್ಲಕ್ಕಿಂತ ಹೆಚ್ಚು ತುಂಡಾಗುವುದು. ಒಬ್ಬ ಮಾಲೀಕ ಒಳ್ಳೆಯವನಾಗಿ ಜನ ಹೆಚ್ಚಿಸಿದರೆ ಬಾಡಿಗೆ ಪೈಪೋಟಿಯಲ್ಲಿ ಅವನೇ ಸೋಲುತ್ತಾನೆ; ಆದ್ದರಿಂದಲೇ ಈ ಕನಿಷ್ಠ ಸಂಖ್ಯೆ ಎಲ್ಲರಿಗೂ ಒಂದೇ ನಿಯಮದಲ್ಲಿ ಬರಬೇಕು. ಹಡಗಿನ ತೂಕ, ಇಂಜಿನ್ನಿನ ಶಕ್ತಿ ನೋಡಿ ಜನರನ್ನು ನಿಗದಿ ಮಾಡುವುದು ಸಾಲದು. ಅದು ವಾರಕ್ಕೆ ಎಷ್ಟು ಬಂದರು ಮುಟ್ಟುತ್ತದೆ, ಎಷ್ಟು ಹಳೆಯದು, ಎಂಥ ಸರಕು ಹೊರುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು. ಜಗತ್ತಿಗೆ ಅತಿ ಹೆಚ್ಚು ನಾವಿಕರನ್ನು ಕೊಡುವ ಮೊದಲ ಐದು ದೇಶಗಳಲ್ಲಿ ಭಾರತ ಒಂದು. ಅಂತರರಾಷ್ಟ್ರೀಯ ಸಾಗರ ಸಂಘಟನೆಯ ಮಂಡಳಿಯಲ್ಲಿ ನಮಗೆ ಕುರ್ಚಿಯಿದೆ. ನಾವಿಕರ ಸಂಖ್ಯೆಯ ಬಗ್ಗೆ ಹೆಮ್ಮೆ ಪಡುವ ಸರ್ಕಾರ, ಒಂದೊಂದು ಹಡಗಿನಲ್ಲಿ ಎಷ್ಟು ನಾವಿಕರಿರಬೇಕು ಎಂಬ ಮಾತನ್ನೂ ಅಲ್ಲಿ ಎತ್ತಬೇಕು.

ನಿಯಮ ಬದಲಾಗುವವರೆಗೆ ಕಾಯಲಾಗದವರು ಹಡಗು ಹತ್ತಲು ಹೊರಟಿರುವ ಹುಡುಗರು ಮತ್ತು ಅವರ ಮನೆಯವರು. ಹತ್ತನೇ ತರಗತಿ ಮುಗಿಸಿದವರಿಗೆ ಜಿಪಿ ರೇಟಿಂಗ್ ಎಂಬ ಆರು ತಿಂಗಳ ತರಬೇತಿ ಇದೆ. ಅದನ್ನು ಮುಂಬೈನ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್ ಮಾನ್ಯ ಮಾಡಿದ ಸಂಸ್ಥೆಯಲ್ಲೇ ಮಾಡಬೇಕು. ಕೆಲಸ ಕೊಡಿಸುವ ಏಜೆಂಟನ ಬಳಿ ಅದೇ ಕಚೇರಿ ಕೊಟ್ಟ ಆರ್‌ಪಿಎಸ್‌ಎಲ್ ಪರವಾನಗಿ ಇದೆಯೇ, ಅದು ಇನ್ನೂ ಚಾಲ್ತಿಯಲ್ಲಿದೆಯೇ ಎಂದು ಕಚೇರಿಯ ಜಾಲತಾಣದಲ್ಲಿ ಮೊದಲು ನೋಡಿ. ಹಡಗಿನಲ್ಲಿ ಕೆಲಸ ಕೊಡಿಸಲು ನಾವಿಕನಿಂದ ಹಣ ಪಡೆಯುವುದು ಕಾನೂನುಬಾಹಿರ. ಲಕ್ಷಗಟ್ಟಲೆ ಕೇಳುವವನು ಎಷ್ಟೇ ಪರಿಚಯದವನಾದರೂ ದೂರವಿರಿ. ಸಾಲ ಮಾಡಿ ಹಡಗು ಹತ್ತಿದವನು ಹಡಗಿನಲ್ಲಿ ಯಾವುದಕ್ಕೂ ‘ಆಗದು’ ಎನ್ನಲಾರ, ಮತ್ತು ‘ಆಗದು’ ಎನ್ನಲಾರದವನ ಕೈಯಲ್ಲಿ ಹಡಗು ಸುರಕ್ಷಿತವಲ್ಲ. ಸಹಿ ಹಾಕುವ ಮುನ್ನ ಕರಾರಿನಲ್ಲಿ ಹಡಗಿನ ಹೆಸರು, ಬಾವುಟ, ಸಂಬಳ, ಅವಧಿ, ಮರಳಿ ಕಳಿಸುವ ಹೊಣೆ ಇವೆಲ್ಲ ಬರೆದಿವೆಯೇ ಓದಿಕೊಳ್ಳಿ. ಅದರ ಒಂದು ಪ್ರತಿಯನ್ನು ಮನೆಯಲ್ಲಿ ಬಿಟ್ಟು ಹೋಗಿ.